ಗಜ್ಜರಿ ದೋಣಿ

ಕಾರವಾರದವನು ಮಾರುವಾಗಲೇ ಹೇಳಿದ್ದ:
'ಇದು ಕಡಲಿನದು ಮೇಡಂ, ಕೆರೆಗೆ ಬೇಡ.
ಅಲೆ ಇಲ್ಲದಿದ್ದರೆ ಇದಕ್ಕೆ ಬೇಸರ.'
ಕಿತ್ತಳೆ ಬಣ್ಣ, ಒಬ್ಬರದೇ ಸೀಟು,
ಹೊಟ್ಟೆಯ ತುಂಬ ಗೀರು.
ಮೀನಿನ ಲಾರಿಯ ನೆತ್ತಿಯ ಮೇಲೆ ಬಂತು,
ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ
ಮುನಿರಾಬಾದಿನ ಕ್ವಾರ್ಟರ್ಸಿನ ಬೇವಿನ ಬುಡಕ್ಕೆ.
ಮುಚ್ಚಳ ತೆಗೆದರೆ ಮೂಲೆಯಲ್ಲಿ ಒಂದು ಚಿಟಿಕೆ ಬಿಳುಪು.
ನೆಕ್ಕಿ ನೋಡಿದೆ. ಉಪ್ಪೇ.
ನಾನು ಕಡಲು ಕಂಡವಳಲ್ಲ.

ನನ್ನ ಕೆಲಸ ನೀರು ಓದುವುದು.
ಹತ್ತೊಂಬತ್ತು ವರ್ಷ, ಬೆಳಿಗ್ಗೆ ಆರಕ್ಕೆ,
ಕಪ್ಪು ಬಿಳಿ ಪಟ್ಟಿಯ ಮುಂದೆ ಬಗ್ಗಿ
ಅಡಿ, ಅಡಿಯ ನೂರರಲ್ಲೊಂದು ಪಾಲು.
ರಿಜಿಸ್ಟರು, ಫೋನು, ಸಹಿ: ಸಾವಂತ್ರೆವ್ವ ಬಾರಕೇರ.
ಏರಿದ್ದು ಬರೆದಿದ್ದೇನೆ, ಇಳಿದದ್ದು ಬರೆದಿದ್ದೇನೆ,
ಒಮ್ಮೆಯೂ ತೊಯ್ದಿಲ್ಲ.

ಏಪ್ರಿಲ್ಲಿನ ಎರಡನೇ ಭಾನುವಾರ ರಜೆ ಹಾಕಿ
ಕಾಸನಕಂಡಿಯಾಚೆ ಟಂಟಂನಿಂದ ಇಳಿಸಿಕೊಂಡೆ.
ಹುಸೇನಪೀರ ಸುತ್ತ ಒಂದು ಸಲ ನೋಡಿ ಕೇಳಿದ:
'ಮುಳುಗಿದ್ರ ಯಾರಿಗೆ ಫೋನ್ ಮಾಡ್ಲಿ?'
'ನಮ್ಮ ಆಫೀಸಿಗೇ ಮಾಡು.
ಮಟ್ಟ ಎಷ್ಟು ಏರ್ತು ಅಂತ ಬರ್ಕೋತಾರ.'

ಮೊದಲ ಹತ್ತು ಮಾರು ಬರೀ ಗಿರಕಿ.
ಬಲಕ್ಕೆ ಹೊಡೆದರೆ ಮೂತಿ ಎಡಕ್ಕೆ,
ಎಡಕ್ಕೆ ಹೊಡೆದರೆ ಮತ್ತೆ ಹುಸೇನಪೀರನ ಮುಖ.
ಅಜ್ಜ ಹರಿಗೋಲಿನಲ್ಲಿ ಜೋಳದ ಚೀಲ, ಕುರಿ,
ಅಳುವ ಮದಲಗಿತ್ತಿಯರನ್ನು ದಾಟಿಸಿದವನಂತೆ.
ಅಡ್ಡಹೆಸರು ನನ್ನವರೆಗೂ ಬಂತು,
ಹುಟ್ಟು ಹಾಕುವ ಕೈ ನಡುವೆ ಎಲ್ಲೋ ಇಳಿದುಹೋಯಿತು.
ಆಮೇಲಾಮೇಲೆ
ಎಲ್ಲಿ ಭಾರ ಎಲ್ಲಿ ಹಗುರ ಅಂತ
ಭುಜ ತಾನೇ ಲೆಕ್ಕ ಹಿಡಿಯಿತು.

ದಂಡೆ ಎಡಕ್ಕಿತ್ತು. ದಂಡೆ ಅನ್ನಬೇಕೋ ಏನೋ,
ಹೋದ ತಿಂಗಳು ಅದು ಇರಲೇ ಇಲ್ಲ.
ಬಿರಿದ ಕೆಸರು, ಬಾಯ್ದೆರೆದ ಸಿಂಪು,
ಒಂದರ ಕೆಳಗೊಂದು ಗೆರೆ,
ನೀರು ನಿಂತು ನಿಂತು ಇಳಿದ ಮೆಟ್ಟಿಲು.
ಇದು ಮಂಗಳವಾರದ ಗೆರೆ ಇರಬೇಕು.
ಇದು ಕರೆಂಟು ಹೋಗಿ ಬ್ಯಾಟರಿ ಹಿಡಿದು ಓದಿದ ದಿನದ್ದು.
ನನ್ನ ರಿಜಿಸ್ಟರನ್ನೇ ಯಾರೋ ಮಣ್ಣಿನಲ್ಲಿ ನಕಲು ಮಾಡಿಟ್ಟಿದ್ದರು,
ಆದರೂ ಒಂದು ಗೇಣೂ ಗುರುತಿಲ್ಲದ ಸೀಮೆ.
ನೀರುಕಾಗೆಗಳು ರೆಕ್ಕೆ ಒಣಹಾಕಿ ಕೂತಿದ್ದವು,
ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.
ದೂರದಲ್ಲಿ ಗಿಣಿಗೇರಿಯ ಚಿಮಣಿ. ಅದರ ಕೆಂಪು ಹುಡಿ
ಆಗಲೇ ದೋಣಿಯ ಮೂಗಿನ ಮೇಲೆ.

ನೀರು ಬಿಟ್ಟುಕೊಟ್ಟ ನೆಲದಲ್ಲಿ ಕಲ್ಲಂಗಡಿ ಬಳ್ಳಿ.
ಬಳ್ಳಿಯ ನಡುವಿನಿಂದ ಒಬ್ಬಳು ಎದ್ದು ನಿಂತಳು:
'ಯಾಕಬೇ, ಗಜ್ಜರಿ ಮ್ಯಾಲೆ ಕುಂತ ಬಂದಿ?'
ಹಣ್ಣನ್ನು ಕಲ್ಲಿಗೆ ಕುಕ್ಕಿ ಅರ್ಧ ಕೊಟ್ಟಳು.
ಹೊಲ ಯಾರದು ಅಂದೆ.
'ಈಗ ನಂದು. ಮಳಿ ಬಂದಿಂದ ನೀರಿಂದು.
ಡ್ಯಾಮಿನ್ಯಾಗ ಯಾವನೋ ಕುಂತು ದಿನಾ ಅಳೀತಾನಂತ,
ಅವನ ಕೈಯಾಗ ಐತಿ ನಮ್ಮ ಬೆಳಿ.'
ಬೀಜ ಉಗುಳಿದೆ.
ಆ ಯಾವನೋ ನಾನೇ ಅಂತ ಹೇಳಲಿಲ್ಲ.
ನಾನು ಬರೀ ಓದುವವಳು ಅಂತಲೂ.

ಹನ್ನೊಂದಕ್ಕೆ ಪಡುವಣ ಗಾಳಿ ಎದ್ದು
ದೋಣಿಯ ಬೇಸರ ಹೋಯಿತು.
ನಿಂತವರಿಗೆ ಮೊಣಕಾಲುದ್ದದ ಅಲೆ
ಕೂತವಳ ಎದೆಗೆ ಬರುತ್ತದೆ.
ದಂಡೆ ಅಲ್ಲೇ ಇತ್ತು, ಎಷ್ಟು ಹೊಡೆದರೂ ಅಲ್ಲೇ ಇತ್ತು.
ಕೂಗಿದೆ. ಯಾರ ಹೆಸರು ಅಂತ ನೆನಪಿಲ್ಲ.
ಹತ್ತೊಂಬತ್ತು ವರ್ಷ ನಾನು ಬರೆದ ನೂರರಲ್ಲೊಂದು ಪಾಲುಗಳು
ಒಂದೊಂದಾಗಿ ಒಳಗೆ ಬಂದು
ನನ್ನ ಮಡಿಲಲ್ಲಿ ಕೂತವು, ತಣ್ಣಗೆ.

ಸಂಜೆ ಬೇವಿನ ಬುಡದಲ್ಲಿ ದೋಣಿ ಬೋರಲು ಹಾಕುವಾಗ
ಮುಚ್ಚಳ ತೆಗೆದೆ. ಉಪ್ಪು ಇರಲಿಲ್ಲ.

ಸೋಮವಾರ ಆರು ಗಂಟೆ. ಅಂಗೈ ತುಂಬ ಬೊಬ್ಬೆ,
ಸಹಿ ಸೊಟ್ಟ.
ಫೋನಿನಾಚೆ ಹುಡುಗ ಆಕಳಿಸುತ್ತ ಕೇಳಿದ:
'ನಿನ್ನೆಗಿಂತ ಎಷ್ಟು ಕಮ್ಮಿ, ಅಕ್ಕಾರ?'
'ಒಂದು ಬಳ್ಳಿ ಹಬ್ಬೋವಷ್ಟು.'
'ಏನಂದ್ರಿ?'
'ಏನಿಲ್ಲ, ಬರ್ಕೋ.
ಸೊನ್ನೆ ದಶಾಂಶ ಸೊನ್ನೆ ಎಂಟು.'