ಎರಡು ಸಲ

ವಾರಕ್ಕ ಎರಡು ಸಲ ಮೀನ ತಿನಸ್ರಿ ಅಂದಾರಂತ ಡಾಕ್ಟರು,
ಹುಸೇನಬಿ ಗೇಟಿನ್ಯಾಗ ನಿಂತು ಹೇಳಿದಳು,
ಮಿದುಳಿಗೆ ಛೊಲೊ ಅಂತ, ಮರವು ತಡೀತೇತಂತ.
ನಾ ಬುಟ್ಟಿ ಇಳಿಸಿ ಹಸಿ ಗೋಣಿ ಸರಿಸಿದೆ.
ಮಂಗಳವಾರ, ಶುಕ್ರವಾರ.
ನವನಗರದ ಸೆಕ್ಟರಿನ್ಯಾಗ ಒಬ್ಬ ಗಿರಾಕಿ ಹೆಚ್ಚಾದ.

ಡಾಕ್ಟರ ಮಾತು ಸುಳ್ಳು ಅನ್ನಾಕ ನಾ ಯಾರು?
ಮೀನ ಮಾರೂ ಬಾಯಿಲೆ ಮೀನಿನ ಮ್ಯಾಲ ಸಂಶೆ ಪಡಬಾರದು.
ಆದ್ರ ನಮ್ಮವ್ವ ಹುಟ್ಟಿದಾಗಿಂದ ಹೊಳಿ ತಿಂದಾಕಿ,
ಹಲ್ಲು ಹೋದ ಮ್ಯಾಲೂ ಮೀನಿನ ತಲಿ ಚೀಪಿದಾಕಿ,
ಕಡೀಕ ನನ್ನ ಮಾರಿ ನೋಡಿ
'ಯಾವೂರಾಕಿಯವ್ವಾ ನೀ?' ಅಂದಳು.
ಬುಟ್ಟ್ಯಾಗಿನ ಬಾಳಿಮೀನಿನ ಕಿವಿರು ಎತ್ತಿ ನೋಡಿ
'ಇದು ನಿನ್ನೀದು' ಅಂದಳು.
ನಿನ್ನೀದ ಆಗಿತ್ತು.
ಇದನ್ನ ಹುಸೇನಬಿಗೆ ಹೇಳಲಿಲ್ಲ. ಒಂದು ಕಿಲೋ ಕಟ್ಲಾ ತೂಗಿದೆ.

ರಾಜೇಸಾಬ ಪೋಸ್ಟಮನ್ ಆಗಿದ್ದಂವ.
ಹಿನ್ನೀರಾಗ ಹೋದ ಊರಿನ ಬಾಗಲಾ ಎಲ್ಲಾ
ಅಂವನ ಸೈಕಲ್ಲಿಗೂ ಬಾಯಿಪಾಠ ಇದ್ದವು.
ಯಾವ ಮನಿಗೆ ಮನಿಯಾರ್ಡರ, ಯಾವ ಮನ್ಯಾಗ ಕುಂತು ಓದಿ ಹೇಳಬೇಕು,
ಯಾವ ನಾಯಿ ಖಾಕಿ ಅಂಗಿ ಕಂಡ್ರ ಬೊಗಳ್ತಿರಲಿಲ್ಲ.
ನನಗ ಅಂವ ತಂದ ಕಾಗದ ಒಂದ ಒಂದು:
ಡ್ಯಾಮಿನ ಆಫೀಸಿಂದು, ಮನಿ ಖಾಲಿ ಮಾಡ್ರಿ ಅಂತ.
ಓದಿ ಹೇಳಿದ. ಚಾ ಕಾಸಿದ್ದೆ, ಕುಡೀಲಾರದ ಹೋದ.

ಈಗ ನಾಕನೇ ಕ್ರಾಸಿಗೆ ಹಾಲಿಗೆ ಹೋದ್ರ
ಹುಡುಕಿ ಕರಕೊಂಡು ಬರಬೇಕು.
ಎಲ್ಲಾ ಕ್ರಾಸೂ ಒಂದ ನಮೂನಿ ಅದಾವ,
ಅಂವಂದೇನು ತಪ್ಪು, ನಾನೂ ಎರಡು ಸಲ ತಪ್ಪೀನಿ.

ಎರಡನೇ ಮಂಗಳವಾರ ರೊಕ್ಕ ಕೊಟ್ಟ.
ನಾ ಗೋಣಿ ಮುಚ್ಚೂದ್ರಾಗ ಮತ್ತ ಕಿಸೆದಾಗ ಕೈ ಹಾಕಿ
'ತಗೋ ಹೊಳಿಯವ್ವಾ, ಮರತ ಬಿಟ್ಟಿದ್ದೆ' ಅಂದ.
ತಗೊಂಡೆ.
ಹೌದು, ತಗೊಂಡೆ. ಬರ್ಫಿನ ರೇಟು ಏರಿತ್ತು,
ಆಟೋದಂವಗ ಎರಡು ವಾರದ ಬಾಕಿ ಇತ್ತು.
ರಾತ್ರಿ ಎರಡು ನೂರರ ನೋಟು ದಿಂಬಿನ ಕೆಳಗ
ಸಾಯಲಾರದ ಚೇಳುಮೀನಿನಂಗ ಮಿಸುಕಾಡಿತು.

ಶುಕ್ರವಾರ ತಿರುಗಿ ಕೊಡಾಕ ಹೋದ್ರ ಕೈ ಹಿಂದ ತಗೊಂಡ.
'ನಾ ಎಲ್ಲಿ ಕೊಟ್ಟೆ?
ಮೂವತ್ತಾರು ವರ್ಷ ಮಂದಿ ರೊಕ್ಕ ಚೀಲದಾಗ ಹೊತ್ತೀನಿ,
ಒಂದು ಪೈಸೆ ನನ್ನ ಕಿಸೆದಾಗ ಬಿದ್ದಿಲ್ಲ. ತಗೊಂಡು ಹೋಗು.'
ಹುಸೇನಬಿ ಕಣ್ಣು ಸನ್ನಿ ಮಾಡಿದಳು, ಬಿಡು ಅಂತ.
ಬಿಡೂದು ಹೆಂಗ?

'ಸಾಬ್ರ, ಇದು ಮನಿಯಾರ್ಡರ ಐತ್ರಿ' ಅಂದೆ.

ನಿಂತಲ್ಲೇ ನೆಟ್ಟಗಾದ.
ಮೀನ ಕಟ್ಟೂ ಪೇಪರ ಹರದು ಕೊಟ್ಟೆ,
ಅಂಚಿನ್ಯಾಗ ಸಹಿ ಮಾಡಿದ, ತಾರೀಖು ಕೇಳಿದ,
ನೋಟು ಬೆಳಕಿಗೆ ಹಿಡಿದ.
'ಯಾರು ಕಳಿಸ್ಯಾರ?'
'ರಾಜೇಸಾಬ ಅಂತ್ರಿ.'
ಒಂದು ಗಳಿಗಿ ಸುಮ್ಮನಿದ್ದು,
'ಗೊತ್ತದಾನ' ಅಂದ,
'ಕಿಲ್ಲಾದ ಕಡೆ ಟಪಾಲು ಹಂಚ್ತಿದ್ದ.'

ಅವತ್ತು ಹುಸೇನಬಿ ಉಣ್ಣಾಕ ಕುಂದರಿಸಿದಳು ನನ್ನೂ.
ಹುಣಸಿ ರಸ, ಬಳ್ಳೊಳ್ಳಿ, ಬಿಸಿ ರೊಟ್ಟಿ.
ಅಂವ ಮೀನಿನ ಮುಳ್ಳು ಬಿಡಿಸೂದು ನೋಡಬೇಕಿತ್ತು:
ಬೆರಳಿಗೆ ಅವಸರ ಇಲ್ಲ, ಒಂದೂ ತಪ್ಪಲಿಲ್ಲ,
ಸಣ್ಣ ಮುಳ್ಳು ಒಂದು ಕಡೆ, ದೊಡ್ಡವು ಒಂದು ಕಡೆ,
ತಾಟಿನ ಅಂಚಿಗೆ ಓಣಿ ಓಣಿ ಜೋಡಿಸ್ಕೋತ
ತುಟಿಯೊಳಗ ಏನೋ ಅಂತಿದ್ದ.
ಬಗ್ಗಿ ಕೇಳಿದೆ:
'ಬಣಗಾರರ ಮನಿ. ಮುಂದ ಕಮ್ಮಾರರದು.
ಅದರಾಚೆ ಹೊಳಿ ಮೆಟ್ಟಲಾ. ಅಲ್ಲಿ ಅಂಬಿಗೇರ ಹೊಳಿಯವ್ವ,
ಕಾಗದ ಕೊಡೂದೈತಿ, ಕೆಟ್ಟ ಕಾಗದ,
ನಾಳೆ ಕೊಟ್ರಾತು.'

ನನ್ನ ತುತ್ತಿನ್ಯಾಗ ಒಂದು ಮುಳ್ಳಿತ್ತು.
ಅರವತ್ತು ವರ್ಷ ಮೀನ ತಿಂದಾಕಿ ನಾ, ನೋಡಿರಲಿಲ್ಲ.
'ಒಣ ರೊಟ್ಟಿ ನುಂಗಬೇ' ಅಂದ ರಾಜೇಸಾಬ,
ತನ್ನ ತಾಟಿನದ ಮುರದು ಕೊಟ್ಟ.

ಮುಂದಿನ ಮಂಗಳವಾರ ಮತ್ತ ಎರಡು ಸಲ ಕೊಟ್ಟಾನ.
ಪೇಪರ ನನ್ನ ಬುಟ್ಟ್ಯಾಗ ಇದ್ದ ಇರತೇತಿ.