ಒಳಹೊಲಿಗೆ

ಕೌಲ್ ಬಜಾರಿನ ನನ್ನ ಅಂಗಡಿಗೆ
ಹುಲಿಗೆಮ್ಮ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದಳು.
ಹೊರಲು ಅದರಲ್ಲೇನಿದೆ,
ಅರ್ಧ ಕೊಡ ನೀರಿನ ತೂಕ.
ಸಂಡೂರಿನ ಇಳಿಜಾರಲ್ಲಿ ಲಾರಿ ಚೆಲ್ಲಿದ
ಅದಿರಿನ ಪುಡಿಗೆ ಗಾಲಿ ಜಾರಿತಂತೆ.
ಕೆಳಗಿನ ಕೊಳವೆಯ ಮೇಲೊಂದು ಗೀರು,
ಹಲ್ಲಿಬಾಲದಷ್ಟು.
"ಬರೇ ಬಣ್ಣ ಹೋಗೈತಿ, ಹೌದಲ್ಲ ಕಾಕಾ?"
ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ತಂದಿದ್ದಳು,
ನನ್ನ ಬಾಯಲ್ಲಿ ಇಡುವುದಷ್ಟೇ ಬಾಕಿ.

ನಾನು ಕಬ್ಬಿಣದ ಕಾಲದವನು.
ಕಬ್ಬಿಣ ಮುರಿಯುವ ಮೊದಲು ಬಗ್ಗುತ್ತದೆ,
ಕಿರುಗುಟ್ಟುತ್ತದೆ, ತುಕ್ಕು ಕಾರುತ್ತದೆ,
ಇವತ್ತು ಬೇಡ, ನಾಳೆ ಎಂದು ಗಡುವು ಕೊಡುತ್ತದೆ.
ಈ ಊರ ಮಣ್ಣಿನ ಸ್ವಭಾವವೇ ಅದು,
ಅಂಗಿಗೆ ಹತ್ತಿದರೆ ಮೂರು ಒಗೆತಕ್ಕೂ
ಎಲ್ಲಿ ಬಿದ್ದೆ ಎಂದು ಹೇಳುತ್ತಲೇ ಇರುತ್ತದೆ.
ಕಾರ್ಬನ್ ಹಾಗಲ್ಲ.
ಸುಮ್ಮನಿದ್ದು, ಸುಮ್ಮನಿದ್ದು,
ಅರವತ್ತರ ವೇಗದಲ್ಲಿ ಒಂದೇ ಮಾತಾಡುತ್ತದೆ.

ಕೆಂಪು ಧೂಳು ಒರೆಸಿದೆ.
ಉಗುರಿಂದ ಗೀರನ್ನು ಕೆದಕಿದೆ, ಇಳಿಯಲಿಲ್ಲ.
ಹತ್ತಿ ಸವರಿದೆ, ಒಂದೆಳೆಯೂ ಸಿಕ್ಕಲಿಲ್ಲ.
ಸೀಟು ಕಿತ್ತು ಕೊಳವೆಯೊಳಗೆ ಟಾರ್ಚು ಬಿಟ್ಟೆ,
ಬಾವಿಯ ಕತ್ತಲೆ, ತಳದಲ್ಲಿ ಎಷ್ಟೋ ಹಳೆಯ ಒಂದು ಹನಿ ನೀರು.
ಆಮೇಲೆ ಗಲ್ಲೆಯಿಂದ
ಹಳೆಯ ದಪ್ಪ ಐದು ರೂಪಾಯಿ ತೆಗೆದೆ.

ಅಬ್ಬಾ ಬಳ್ಳಾರಿ ಸ್ಟೇಷನ್ನಿನಲ್ಲಿ ಗಾಲಿ ಬಡಿಯುತ್ತಿದ್ದರು.
ಉದ್ದ ಹಿಡಿಯ ಸುತ್ತಿಗೆ,
ಗೂಡ್ಸಿನ ಈ ತುದಿಯಿಂದ ಆ ತುದಿಗೆ.
ಠಣ್ ಅಂದರೆ ಹೋಗು.
ಠಪ್ ಅಂದರೆ ನಿಲ್ಲು.
ಒಮ್ಮೆ ಠಪ್ ಅಂತೆಂದು ಡಬ್ಬಿ ಕಳಚಿಸಿದರು,
ಎಷ್ಟು ಹುಡುಕಿದರೂ ಬಿರುಕು ಸಿಗಲಿಲ್ಲ.
ಬೈಸಿಕೊಂಡು ಬಂದು ಅನ್ನ ಕಲಸುತ್ತ ಅಂದರು:
ಕಿವಿ ತಪ್ಪಿದ್ದರೆ ತಪ್ಪಿರಲಿ, ಗಾಡಿ ನಿಂತಿತಲ್ಲ.

ಜಿಲಾನಿ, ರೇಡಿಯೊ ಆರಿಸು.
ಗೀರಿನ ಸುತ್ತ ಬಡಿದೆ: ಟಿಕ್, ಟಿಕ್, ಟಿಕ್.
ಹುಲಿಗೆಮ್ಮನ ಹಲ್ಲು ಕಾಣಿಸಿತು.
ಅಲ್ಲಿಗೇ ನಿಲ್ಲಿಸಬಹುದಿತ್ತು.
ಕೈ ತಾನೇ ಹಿಂದಕ್ಕೆ ಹೋಯಿತು,
ಪೆಡಲಿನ ಮೂಲದಿಂದ ಹಿಂಗಾಲಿಗೆ ಹೋಗುವ
ಬಲಗಡೆಯ ತೋಳಿಗೆ,
ಕಲೆಯಿಲ್ಲದ, ಮುಖ ಕಾಣುವಷ್ಟು ಹೊಳೆಯುವ ಜಾಗಕ್ಕೆ.
ಡಪ್.
ಎಡಗಡೆ ಟಿಕ್.
ಮತ್ತೆ ಬಲಗಡೆ, ಡಪ್,
ಒದ್ದೆ ಗೋಡೆಯ ಹಾಗೆ.

"ಅಲ್ಲಿ ಏನೂ ಇಲ್ಲ ಕಾಕಾ, ಬಣ್ಣ ಸುದ್ದಾ ಹೋಗಿಲ್ಲ."
ಸದ್ದನ್ನು ಬೆರಳು ಮಾಡಿ ತೋರಿಸಲಿ ಹೇಗೆ?
ನಾಣ್ಯ ಅವಳ ಕೈಗಿಟ್ಟೆ.
ಜೀನ್ಸ್ ಯೂನಿಟ್ಟಿನಲ್ಲಿ ದಿನಕ್ಕೆ ಮುನ್ನೂರು ಜೇಬು ಹೊಲಿಯುವ ಕೈ,
ನೀಲಿ ಇಳಿದ ಉಗುರು,
ಹದಿನಾಲ್ಕು ತಿಂಗಳ ಓವರ್‌ಟೈಮಿನಲ್ಲಿ
ಯಾರೋ ಸವಾರಿ ಮಾಡಿ ಬಿಟ್ಟ ಈ ಕರಿ ಸೈಕಲ್ಲು ಕೊಂಡ ಕೈ.
ಕಣ್ಣು ಮುಚ್ಚಿ ಬಡಿದಳು. ಬಹಳ ಹೊತ್ತು.
ಹೆಬ್ಬೆರಳಿಂದ ಒತ್ತಿದಳು.

"ಇದೂ ಬಟ್ಟೀನ ಅಲ್ಲೇನು ಕಾಕಾ?"
ಹೌದು. ಕರೀ ನೂಲಿನ ಬಟ್ಟೆ, ಮೇಲೆ ಗೋಂದು.
"ಮ್ಯಾಲಿನ ಹಳದಿ ಹೊಲಿಗಿ ಬಿಚ್ಚಿದ್ರ
ಪ್ಯಾಂಟಿಗೇನೂ ಆಗಂಗಿಲ್ಲ,
ಸೆಕೆಂಡ್ಸಿನಾಗ ಹೋಗ್ತೈತಿ, ಅಷ್ಟ.
ಒಳಹೊಲಿಗಿ ಬಿಟ್ಟಿದ್ರ
ಇಸ್ತ್ರಿ ಮಾಡಿ ಗೊಂಬಿಗೆ ಹಾಕಿದ್ರೂ ಚಂದ ಕಾಣ್ತೈತಿ.
ಕುಂತಾಗ ಗೊತ್ತಾಗೋದು."
ಜಿಲಾನಿ ಕಿಸಕ್ಕನೆ ನಕ್ಕ. ಅವಳೂ ನಕ್ಕಳು.
ನಗುತ್ತಲೇ ಮೂಗು ಒರೆಸಿಕೊಂಡಳು.

ಭಾನುವಾರ ತೋರಣಗಲ್ಲಿನ ತನಕ ರೇಸು.
"ಗ್ಯಾರಂಟಿ ಹೇಳ್ತೀ ಏನು, ಒಡದೈತಿ ಅಂತ?"
ಇಲ್ಲವ್ವ, ಹೇಳಲಾರೆ.
"ಒಡದಿಲ್ಲ ಅಂತ?"
ಅದನ್ನೂ ಹೇಳಲಾರೆ.
ಸ್ಪ್ಯಾನರ್ ತೆಗೆದುಕೊಂಡು
ತನ್ನ ಪೆಡಲು ತಾನೇ ಬಿಚ್ಚಿ
ಬುತ್ತಿಚೀಲದಲ್ಲಿ ಹಾಕಿಕೊಂಡು
ನಡೆದು ಹೋದಳು, ಐದು ರೂಪಾಯಿ ಮುಷ್ಟಿಯಲ್ಲೇ.

ರಾತ್ರಿ ಶಟರ್ ಎಳೆಯುವ ಮೊದಲು
ಮೊಳೆಗೆ ತೂಗಿದ್ದ ಅದನ್ನು
ಬೀಗದ ಕೀಲಿಯಿಂದ ಇನ್ನೊಮ್ಮೆ ಬಡಿದೆ,
ನನ್ನ ಕಿವಿ ತಪ್ಪಿರಲಿ ಎಂದು ಬೇಡಿಕೊಳ್ಳುತ್ತ.