ಎಡ ಹಿಮ್ಮಡಿ

ಇಪ್ಪತ್ತೆಂಟು ದಿನ, ಇನ್ನೂರು ಗಂಟೆ.
ಕೊನೆಯ ಬೆಳಿಗ್ಗೆ ಹೆಸರು ಕೂಗಿ ಕಾಗದ ಕೊಟ್ಟರು.
ಟೋರುನ್ ಎಂಬ ನಾನು ಅದರಲ್ಲಿ ಟೋರಾನ್ ಆಗಿದ್ದೆ.
ತಿದ್ದಿಸಲು ಹೋಗಲಿಲ್ಲ.
ಒಂದಕ್ಷರದ ಮಟ್ಟಿಗಾದರೂ ಬೇರೆಯವಳಾದೆನಲ್ಲ, ಇರಲಿ.

ಹದಿನಾಲ್ಕು ಜನ ಒಬ್ಬರನ್ನೊಬ್ಬರು ತಬ್ಬಿ ಅತ್ತರು.
ನನಗೆ ಅಳು ಬರಲಿಲ್ಲ, ಸೊಂಟ ನೋಯುತ್ತಿತ್ತು.
ಇಪ್ಪತ್ತಮೂರು ವರ್ಷ ನಾರ್ವೆಯ ಚಳಿಯಲ್ಲಿ
ಫೆರ್ರಿಯಿಂದ ದಂಡೆಗೆ ಹಗ್ಗ ಎಸೆದ ಸೊಂಟ,
ಉಪ್ಪು ತಿಂದ ಬಾಗಿಲ ತಿರುಗಣೆಯ ಹಾಗೆ
ಬಗ್ಗಿದರೆ ಕಿರ್ರೆನ್ನುತ್ತದೆ.
ಡಾಕ್ಟರು ಮಾತ್ರೆ ಬರೆದರು, ತಂಗಿ ಟಿಕೆಟ್ಟು ತೆಗೆದಳು.
ಹಾಗೆ ಬಂದೆ ಗ್ವಾಟೆಮಾಲಾಕ್ಕೆ,
ಮೂರು ಜ್ವಾಲಾಮುಖಿಗಳು ಮೊಣಕಾಲು ಮಡಚಿ ಕೂತ
ಅತಿತ್ಲಾನ್ ಸರೋವರದ ದಂಡೆಗೆ.

ಐದಕ್ಕೆ ಪ್ರಾಣಾಯಾಮ. ಮೂಗು ಹಿಡಿದು ಕೂತರೆ
ಕೆಳಗಿನ ಅಡುಗೆಮನೆಯಿಂದ ಪಟ್ ಪಟ್ ಪಟ್.
ನಿಕೊಲಾಸಾ ಅಂಗೈಗಳ ನಡುವೆ
ಮುಸುಕಿನ ಜೋಳದ ಹಿಟ್ಟು ತಟ್ಟುತ್ತಿದ್ದಳು.
ನಾಲ್ಕು ಒಳಗೆ, ಎಂಟು ಹೊರಗೆ, ಎಣಿಸಿ, ಎನ್ನುತ್ತಿದ್ದರು ಗುರು.
ನಾನು ರೊಟ್ಟಿ ಎಣಿಸುತ್ತಿದ್ದೆ.

ಎರಡನೇ ವಾರ ಮಾಲಾಸನ.
ಟೊರೊಂಟೋದ ಗುರು ಎರಡು ದಿನ ಅದೊಂದನ್ನೇ ಕಲಿಸಿದರು:
ತೊಡೆಯೆಲುಬಿನ ಚಿತ್ರ, ಸ್ನಾಯುಗಳ ಹೆಸರು,
ಹಿಮ್ಮಡಿಯಡಿಗೆ ಮಡಚಿಟ್ಟ ಕಂಬಳಿ.
ಸುತ್ತಲಿನ ಹಿಮ್ಮಡಿಗಳು ಒಂದೊಂದಾಗಿ ನೆಲಕ್ಕಿಳಿದವು.
ನನ್ನವು ಇಳಿಯಲಿಲ್ಲ.

ನೀರು ಕುಡಿಯಲು ಹೋದೆ.
ಒಲೆಯ ಮುಂದೆ ಕುಕ್ಕರಗಾಲಲ್ಲಿ ನಿಕೊಲಾಸಾ,
ಎರಡೂ ಹಿಮ್ಮಡಿ ನೆಲಕ್ಕೆ ಮೊಳೆ ಹೊಡೆದ ಹಾಗೆ.
ಬೆನ್ನ ಮೇಲೆ ಮೊಮ್ಮಗು ನಿದ್ದೆ ಹೋಗಿತ್ತು.
ಕಕ್ಚಿಕೆಲ್ ಮಾತಿನಲ್ಲಿ ಸೊಸೆಯನ್ನು ಬೈಯುತ್ತಿದ್ದಳು,
ಉಸಿರು ಒಂದಿಷ್ಟೂ ಏರದೆ.

ಎಷ್ಟು ಕೊಟ್ಟೆ ಇದಕ್ಕೆಲ್ಲ? ಒಂದು ದಿನ ಕೇಳಿಯೇ ಬಿಟ್ಟಳು.
ಅರ್ಧ ಮಾಡಿ ಹೇಳಿದೆ.
ಅರ್ಧಕ್ಕೇ ಅವಳ ಕೈ ಹಿಟ್ಟಿನಲ್ಲಿ ನಿಂತಿತು.
ಕೂತುಕೊಳ್ಳುವುದಕ್ಕಾ?
ಎಂದಳು.
ನಕ್ಕೆವು. ಅವಳು ಹೆಚ್ಚು ಹೊತ್ತು ನಕ್ಕಳು.

ಪರೀಕ್ಷೆಯ ದಿನ ಪಾಠ ಮಾಡಿದೆ.
ಗಂಟಲು ಒಣಗಿ ಸಂಸ್ಕೃತ ಎಲ್ಲ ಮರಳಾಯಿತು.
ವೀರಭದ್ರಾಸನದಲ್ಲಿ ಎಲ್ಲರ ಬಲಗಾಲು ಮುಂದಿಡಿಸಿ
ನಿಲ್ಲಿಸಿ, ಇಳಿಸಿ, ಮಲಗಿಸಿಯೇ ಬಿಟ್ಟೆ.
ಕಣ್ಣು ಮುಚ್ಚಿ ಮಲಗಿದ್ದ ಬೊಲಿವಿಯಾದ ವಾರಾ
ತನ್ನ ಎಡತೊಡೆಯನ್ನು ಮೆಲ್ಲಗೆ ತಟ್ಟಿ ತೋರಿಸಿದಳು.
ಅಯ್ಯೋ, ಹದಿಮೂರು ಎಡಗಾಲು ಹಾಗೇ ಉಳಿದವು!
ಆದರೂ ಪಾಸು ಮಾಡಿದರು.

ಮಧ್ಯಾಹ್ನ ಸರೋವರದಲ್ಲಿ ಶೋಕೊಮಿಲ್ ಎದ್ದಿತು.
ಪಾಪ ಹೊತ್ತೊಯ್ಯುವ ಗಾಳಿ ಎನ್ನುತ್ತಾರೆ ಇಲ್ಲಿನವರು;
ನನ್ನ ಟೋಪಿಯನ್ನಷ್ಟೇ ಒಯ್ದಿತು.
ದೋಣಿ ಕಟ್ಟೆಗೆ ತಾಗದೆ ಹೊಯ್ದಾಡುತ್ತಿತ್ತು.
ದೋಣಿಯ ಹುಡುಗ ಎಸೆದ ಹಗ್ಗ
ಒಮ್ಮೆ ನೀರಿಗೆ, ಒಮ್ಮೆ ಯಾರದೋ ಕೋಳಿಬುಟ್ಟಿಗೆ.
ಮೂರನೆಯದು ನನ್ನ ಕೈಗೆ ಬಂತು.
ಕಾಗದದ ಸುರುಳಿ ಹಲ್ಲಲ್ಲಿ ಕಚ್ಚಿ, ಕೂತು, ಕಟ್ಟಿದೆ.
ದೋಣಿ ನಿಂತಿತು.

ಕೆಳಗೆ ನೋಡಿಕೊಂಡೆ.
ಬಲ ಹಿಮ್ಮಡಿ ಹಲಗೆಯ ಮೇಲೆ,
ಎಡದ್ದು ಇನ್ನೂ ಎರಡು ಬೆರಳು ಗಾಳಿಯಲ್ಲಿ.

ನಿಕೊಲಾಸಾ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಕೊಟ್ಟು
ಬಟ್ಟೆ ವಾಪಸು ಬೇಕು ಎಂದಳು.
ಹೇಗೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊರಡುವಾಗ ಹುಡುಗನಿಗೆ ನನ್ನ ಗಂಟು ಬಿಚ್ಚಲು ಬರದು.
ಹಲ್ಲು ಕಚ್ಚಿ ಎಳೆದ, ಉಗುರು ಹಾಕಿದ.
ಎಳೆಯಬೇಡ, ಎಂದೆ.
ಮೊದಲು ಉಸಿರು ಬಿಡು.
ಈಗ ಗಂಟಿನ ಬೆನ್ನನ್ನು ಮುಂದಕ್ಕೆ ಬಗ್ಗಿಸು, ಹೀಗೆ, ಇನ್ನೂ ಸ್ವಲ್ಪ.
ತಾನಾಗಿ ಬಿಟ್ಟಿತು.

ಎಲ್ಲಿ ಕಲಿತೆ, ಎಷ್ಟು ದಿನ ಹಿಡಿಯಿತು, ಎಂದ.
ಈ ಗಂಟಿಗೆ ಗಂಟೆಯ ಲೆಕ್ಕ
ಯಾರೂ ಬರೆದಿಡಲಿಲ್ಲ, ಎಂದೆ.
ಅವನಿಗೆ ಕೇಳಿಸಿತೋ ಇಲ್ಲವೋ. ಮೋಟಾರು ಹೊತ್ತಿಸಿ
ಊರವರಿಗೆ ಹತ್ತು, ನಿನಗೆ ಇಪ್ಪತ್ತೈದು,
ಎಂದು ಕೈ ಚಾಚಿದ.